ಓದುಗರ ಕಟ್ಟೆ: ಕ್ವಾರಿ ಹೊಂಡದ ಬಣ್ಣದ ನೀರು

ಹಿಂಗಾರು ಮುಗಿಯುವ ಹೊತ್ತಿಗೆ ದಾವಣಗೆರೆ, ಚಿತ್ರದುರ್ಗ ಸೀಮೆಯ ಹಳೇ ಕ್ವಾರಿಗಳಲ್ಲಿ ನೀರು ನಿಂತಿರುತ್ತದೆ. ಹಸಿರು, ನೀಲಿ, ಕೆಂಪು ನೀರಿನ ಫೋಟೊಗಳು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತವೆ, ಭಾನುವಾರ ಜನ ಬೈಕು ಹತ್ತಿ ಹೊರಡುತ್ತಾರೆ. ಈ ತಿಂಗಳು ನಮಗೆ ಬಂದ ಕಾಗದಗಳಲ್ಲಿ ಹೆಚ್ಚಿನವು ಇದರ ಬಗ್ಗೆಯೇ. ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮೂರ ಹತ್ತಿರ ಎರಡು ಹಳೇ ಕಲ್ಲುಕ್ವಾರಿಗಳಿವೆ, ನಡುವೆ ಅರ್ಧ ಕಿಲೋಮೀಟರೂ ಇಲ್ಲ. ಒಂದರ ನೀರು ಗಿಳಿಹಸಿರು. ಇನ್ನೊಂದರದು ಬಟ್ಟೆಗೆ ಹಾಕುವ ನೀಲಿ ಕದಡಿದ ಹಾಗಿದೆ. ಕಲ್ಲು ಎರಡರಲ್ಲೂ ಒಂದೇ. ಬಣ್ಣ ಯಾಕೆ ಬೇರೆ?
— ಪದವಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಕಲ್ಲು ಒಂದೇ ಆಗಿದ್ದರೆ ನೀರಿನಲ್ಲಿ ಏನು ತೇಲುತ್ತಿದೆ, ಏನು ಬೆಳೆಯುತ್ತಿದೆ ಎಂದು ನೋಡಬೇಕು. ಗ್ರಾನೈಟ್, ಪಟ್ಟೆಪಟ್ಟೆಯ ನೈಸ್ (gneiss) ಜಾತಿಯ ಬಂಡೆ ನೀರಿಗೆ ತೀರಾ ನಿಧಾನವಾಗಿ ಕರಗುತ್ತದೆ, ಅದರಿಂದ ಬಣ್ಣ ಬರುವುದಿಲ್ಲ.

ನೀಲಿ ಹೊಂಡ ಬಹುಶಃ ಆಳವಾಗಿದೆ, ನೀರು ತಿಳಿಯಾಗಿದೆ. ಬಿಸಿಲಿನ ಕೆಂಪು ಅಂಶವನ್ನು ನೀರು ಮೇಲಿನ ಕೆಲವೇ ಮೀಟರುಗಳಲ್ಲಿ ಹೀರಿಬಿಡುತ್ತದೆ. ನೀಲಿ ಅಂಶ ಆಳಕ್ಕಿಳಿದು, ಅಲ್ಲಿಂದ ಚದುರಿ ಮೇಲೆ ಬರುತ್ತದೆ. ಪಕ್ಕದಲ್ಲಿ ಜಲ್ಲಿ ಕ್ರಷರ್ ಇದ್ದರೆ ಹಿಟ್ಟಿನಂಥ ಕಲ್ಲುಪುಡಿ ಗಾಳಿಗೆ ಬಂದು ಬಿದ್ದು ವಾರಗಟ್ಟಲೆ ನೀರಿನಲ್ಲಿ ತೇಲುತ್ತದೆ. ಆಗ ನೀಲಿಗೆ ಹಾಲು ಬೆರೆಸಿದಂಥ ಬಣ್ಣ ಬರುತ್ತದೆ. ಸುಣ್ಣಕಲ್ಲಿನ ಕ್ವಾರಿಗಳಲ್ಲಿ ಇದು ಇನ್ನೂ ಗಾಢ.

ಹಸಿರಿಗೆ ಕಾರಣ ಪಾಚಿ. ಪಾಚಿಗೆ ಗೊಬ್ಬರ ಬೇಕಲ್ಲ, ಅದು ದನ ತೊಳೆಯುವುದರಿಂದ, ಸೋಪಿನಪುಡಿಯಿಂದ, ಸುತ್ತಲ ಮೆಕ್ಕೆಜೋಳದ ಹೊಲದಿಂದ ಹರಿದು ಬರುವ ಯೂರಿಯಾ, ಡಿಎಪಿಯಿಂದ ಸಿಗುತ್ತದೆ. ಇನ್ನೊಂದು ಮೂಲ ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ಬಂಡೆ ಸಿಡಿಸುವ ಮದ್ದಿನಲ್ಲಿ ಅಮೋನಿಯಂ ನೈಟ್ರೇಟ್ ಇರುತ್ತದೆ. ಚೆಲ್ಲಿದ್ದು, ಪೂರ್ತಿ ಉರಿಯದೆ ಉಳಿದದ್ದು ಕಲ್ಲಿನ ಸಂದಿಯಲ್ಲೇ ಇದ್ದು ಮಳೆ ನೀರಿಗೆ ಇಳಿಯುತ್ತದೆ. ಹೊಲವೇ ಇಲ್ಲದ ಕಡೆಯೂ ಕ್ವಾರಿ ಹೊಂಡ ಹಸಿರಾಗುವುದಕ್ಕೆ ಇದೂ ಒಂದು ಕಾರಣ.

ಬಿಳಿ ಗಾಜಿನ ಬಾಟಲಿಯಲ್ಲಿ ನೀರು ಹಿಡಿದು, ಹಿಂದೆ ಬಿಳಿ ಹಾಳೆ ಇಟ್ಟು ನೋಡಿ. ಬಣ್ಣವೇ ಕಾಣದಿದ್ದರೆ ಹೊಂಡದ ಬಣ್ಣ ಆಳ ಮತ್ತು ಬೆಳಕಿನಿಂದ ಬಂದದ್ದು. ಹಸಿರು ಹಾಗೇ ಉಳಿದರೆ ಪಾಚಿ. ರಾತ್ರಿಯಿಡೀ ಅಲುಗಾಡಿಸದೆ ಇಟ್ಟರೆ ಕಲ್ಲುಪುಡಿ ತಳಕ್ಕೆ ಇಳಿಯತೊಡಗುತ್ತದೆ, ಕೆಲವು ಜಾತಿಯ ಪಾಚಿ ಮೇಲಕ್ಕೆ ಕೆನೆಗಟ್ಟುತ್ತದೆ. ಹಸಿರು ಪೇಂಟ್ ಚೆಲ್ಲಿದ ಹಾಗೆ ದಡದಲ್ಲಿ ಕೆನೆ ಕಂಡರೆ ಅದು ನೀಲಿಹಸಿರು ಪಾಚಿ. ಅದರಲ್ಲಿ ಯಕೃತ್ತಿಗೆ ಪೆಟ್ಟು ಕೊಡುವ ವಿಷ ಇರಬಹುದು, ಕುದಿಸಿದರೂ ಹೋಗದು. ದನ, ಕುರಿ, ನಾಯಿಗಳನ್ನು ಅದರ ಹತ್ತಿರ ಬಿಡಬೇಡಿ.

ಪ್ರಶ್ನೆ: ನಮ್ಮ ತಾಲೂಕಿನಲ್ಲಿ ಹಳೇ ಅದಿರು ಗಣಿಯ ಹೊಂಡದ ನೀರು ತುಕ್ಕಿನ ಕೆಂಪು. ಅದು ಆಸಿಡ್ ಎಂದು ಹುಡುಗರು ಹೇಳುತ್ತಾರೆ. ನಿಜವೇ? ಶಾಲೆಯಲ್ಲೇ ಪರೀಕ್ಷೆ ಮಾಡಬಹುದೆ?
— ಪ್ರೌಢಶಾಲಾ ಶಿಕ್ಷಕರು, ಹೊಸದುರ್ಗ

ಉತ್ತರ: ಕೆಂಪಾದದ್ದೆಲ್ಲ ಆಮ್ಲವಲ್ಲ. ನಿಮ್ಮ ಭಾಗದ ಕಬ್ಬಿಣದ ಅದಿರು ಹೆಚ್ಚಾಗಿ ಹೆಮಟೈಟ್. ಅದರಲ್ಲಿ ಗಂಧಕ ಕಡಿಮೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಹಾಗೆ ಕೆಲಸ ನಿಂತ ಅದಿರಿನ ಹೊಂಡಗಳಲ್ಲಿ ಕಾಣುವ ಕೆಂಪು ಸಾಮಾನ್ಯವಾಗಿ ನುಣ್ಣನೆಯ ಕೆಮ್ಮಣ್ಣು.

ಆಮ್ಲ ಹುಟ್ಟುವುದು ಗಂಧಕವಿರುವ ಖನಿಜದಿಂದ, ಮುಖ್ಯವಾಗಿ ಪೈರೈಟ್‌ನಿಂದ. ಚಿನ್ನದ ಹಾಗೆ ಹೊಳೆಯುವ ಕಬ್ಬಿಣ–ಗಂಧಕದ ಖನಿಜ ಅದು. ನೆಲದೊಳಗೆ ಗಾಳಿ ತಾಕದೆ ಇರುವಷ್ಟು ದಿನ ಸುಮ್ಮನಿರುತ್ತದೆ. ಬಂಡೆ ಒಡೆದು ಗಾಳಿ, ನೀರು ಎರಡೂ ಸೇರಿದ ಮೇಲೆ ಗಂಧಕಾಮ್ಲ ಮತ್ತು ತುಕ್ಕು ಬಿಡುತ್ತದೆ. ಬ್ಯಾಕ್ಟೀರಿಯಾಗಳು ಈ ಕೆಲಸವನ್ನು ಬಹಳ ಬೇಗ ಮಾಡಿಸುತ್ತವೆ. 1 ಕಿಲೋ ಪೈರೈಟ್ ಪೂರ್ತಿ ಬದಲಾದರೆ ಸುಮಾರು 1.6 ಕಿಲೋ ಗಂಧಕಾಮ್ಲ ಆಗುತ್ತದೆ. ಗಾಳಿಯ ಆಮ್ಲಜನಕ, ನೀರು ಸೇರಿಕೊಳ್ಳುವುದರಿಂದ ತೂಕ ಹೆಚ್ಚು. ಚಿತ್ರದುರ್ಗದ ಬಳಿಯ ಇಂಗಳದಾಳ್ ತಾಮ್ರದ ಗಣಿಯ ಅದಿರಿನಲ್ಲಿ ಇಂಥ ಗಂಧಕದ ಖನಿಜಗಳಿವೆ. ಹಾಗಾಗಿ ತಾಮ್ರದ ಗಣಿಯ ಮಣ್ಣು, ಅದರ ಗುಡ್ಡೆಗಳಿಂದ ಬಸಿಯುವ ನೀರು ಎಂದರೆ ಮೊದಲು ಆಮ್ಲದ ಅನುಮಾನ ಇಟ್ಟುಕೊಂಡೇ ನೋಡಬೇಕು.

ಪರೀಕ್ಷೆ ಹೀಗೆ ಮಾಡಿ. ಮಕ್ಕಳನ್ನು ಹೊಂಡಕ್ಕೆ ಕರೆದೊಯ್ಯಬೇಡಿ. ದೊಡ್ಡವರೊಬ್ಬರು ಹಗ್ಗಕ್ಕೆ ಕಟ್ಟಿದ ಬಾಟಲಿಯನ್ನು ಮೇಲಿನಿಂದಲೇ ಇಳಿಸಿ ನೀರು ತರಲಿ, ಇನ್ನೊಬ್ಬರು ಜೊತೆಗಿರಲಿ. ಒಂದು ಲೋಟ ನೀರಿಗೆ ಚಿಟಿಕೆ ಪಟಿಕದ ಪುಡಿ ಹಾಕಿ ಕಲಕಿ ಬಿಡಿ. ಒಂದು ಗಂಟೆಯಲ್ಲಿ ಕೆಂಪು ತಳಕ್ಕೆ ಕೂತು ಮೇಲೆ ತಿಳಿ ನಿಂತರೆ ಅದು ಮಣ್ಣು. ನೀರು ತಿಳಿಯಾಗಿದ್ದೂ ಚಹಾದ ಡಿಕಾಕ್ಷನ್ ಬಣ್ಣ ಹಾಗೇ ಉಳಿದರೆ ಕಬ್ಬಿಣ ಕರಗಿದೆ ಎನ್ನಲು ಒಂದು ಸುಳಿವು. ಅದಕ್ಕೆ ಸುಣ್ಣದ ತಿಳಿ ನಾಲ್ಕು ಚಮಚ ಹಾಕಿ ನೋಡಿ. ತುಕ್ಕಿನ ಬಣ್ಣದ ಗಸಿ ಗುಂಪುಗುಂಪಾಗಿ ಕಟ್ಟಿದರೆ ಅನುಮಾನವಿಲ್ಲ.

ಆಮ್ಲ ನೋಡಲು ಕೆಂಪು ದಾಸವಾಳ ಸಾಕು. ನಾಲ್ಕೈದು ಹೂವಿನ ಎಸಳು ಬಿಡಿಸಿ, 200 ಮಿಲಿ ಕುದಿಯುವ ನೀರಿನಲ್ಲಿ 10 ನಿಮಿಷ ನೆನೆಸಿ ಸೋಸಿ. ನಾಲ್ಕು ಲೋಟ ಸಾಲಾಗಿಡಿ: ನಿಂಬೆರಸ ಬೆರೆಸಿದ ನೀರು, ನಲ್ಲಿ ನೀರು, ಸುಣ್ಣದ ತಿಳಿ, ಹೊಂಡದ ನೀರು. ಪ್ರತಿಯೊಂದರಲ್ಲಿ ಐದು ಚಮಚ ನೀರಿಗೆ ಒಂದು ಚಮಚ ದಾಸವಾಳದ ರಸ. ಆಮ್ಲಕ್ಕೆ ಅದು ಗುಲಾಬಿ ಕೆಂಪಾಗುತ್ತದೆ, ಕ್ಷಾರಕ್ಕೆ ಹಸಿರು. ಹೊಂಡದ ನೀರು ಯಾವ ಲೋಟಕ್ಕೆ ಹತ್ತಿರ ಎಂದು ಹೋಲಿಸಿ. ಮೊದಲ ಮೂರು ಲೋಟ ಇಡದೆ ಬರೀ ಹೊಂಡದ ನೀರಿಗೆ ಹಾಕಿ ತೀರ್ಮಾನಿಸಿದರೆ ತಪ್ಪುತ್ತೀರಿ, ಹೂವಿನಿಂದ ಹೂವಿಗೆ ರಸದ ಬಣ್ಣ ಬದಲಾಗುತ್ತದೆ. ಕ್ಷಾರಕ್ಕೆ ಅರಿಶಿಣವೂ ಆಗುತ್ತದೆ, ಓಕುಳಿಯಲ್ಲಿ ಸುಣ್ಣ ಬಿದ್ದೊಡನೆ ಕೆಂಪೇರುವುದು ಇದೇ ಗುಣದಿಂದ. ಆದರೆ ಅರಿಶಿಣ ಆಮ್ಲವನ್ನು ತೋರಿಸುವುದಿಲ್ಲ.

ಅಂಕಿ ಬೇಕಾದರೆ 1ರಿಂದ 14ರವರೆಗಿನ ಪಿಎಚ್ ಪಟ್ಟಿ ತನ್ನಿ. 7 ಎಂದರೆ ತಟಸ್ಥ. ಒಂದೊಂದು ಅಂಕಿ ಇಳಿದರೂ ಆಮ್ಲ ಹತ್ತು ಪಟ್ಟು, ಅಂದರೆ ಪಿಎಚ್ 3ರ ನೀರು 7ಕ್ಕಿಂತ ಹತ್ತು ಸಾವಿರ ಪಟ್ಟು. ಅಮೆರಿಕದ ಮೊಂಟಾನಾದ ಬರ್ಕ್ಲಿ ಪಿಟ್ ಎಂಬ ತಾಮ್ರದ ಗಣಿ 1982ರಲ್ಲಿ ನಿಂತು, ಪಂಪುಗಳನ್ನು ಆರಿಸಿದ ಮೇಲೆ ಅದರಲ್ಲಿ ಪಿಎಚ್ ಸುಮಾರು 2.5ರ ಕೆಂಪು ನೀರು ತುಂಬಿತು. 1995ರಲ್ಲಿ ವಲಸೆಯ ಹೆಬ್ಬಾತುಗಳು ಅಲ್ಲಿ ಇಳಿದು 342 ಸತ್ತುಬಿದ್ದವು. ನೀಲಿ ನೀರಿನಲ್ಲೂ ಇಂಥದೇ ಪಾಠವಿದೆ. ಇಂಗ್ಲೆಂಡಿನ ಬಕ್ಸ್‌ಟನ್ ಬಳಿಯ ಸುಣ್ಣಕಲ್ಲಿನ ಕ್ವಾರಿ ನೀರಿನ ಪಿಎಚ್ 11.3. ಹೆಚ್ಚುಕಡಿಮೆ ಅಮೋನಿಯಾದಷ್ಟೇ ಕ್ಷಾರ ಅದು. ಬೋರ್ಡು ಹಾಕಿದರೂ ಜನ ಈಜುವುದು ಬಿಡಲಿಲ್ಲ. ಕೊನೆಗೆ 2013ರಲ್ಲಿ ಅಲ್ಲಿನ ಆಡಳಿತ ನೀರಿಗೆ ಕಪ್ಪು ಬಣ್ಣ ಸುರಿಯಿತು.

ಪರೀಕ್ಷೆಯನ್ನು ಎರಡು ಸಲ ಮಾಡಿ, ಬೇಸಿಗೆಯ ಕೊನೆಗೊಮ್ಮೆ, ಮೊದಲ ಜೋರು ಮಳೆಯಾದ ವಾರದಲ್ಲಿ ಇನ್ನೊಮ್ಮೆ. ಬೇಸಿಗೆಯಲ್ಲಿ ಬಂಡೆಯ ಮೇಲೆ ಬಿಳಿ, ಹಳದಿ ಉಪ್ಪಿನ ಪೊರೆ ಕಟ್ಟಿರುತ್ತದೆ. ಮೊದಲ ಮಳೆ ಅದನ್ನೆಲ್ಲ ಒಮ್ಮೆಗೇ ತೊಳೆದು ಹೊಂಡಕ್ಕೆ ಇಳಿಸುವುದರಿಂದ ಆ ವಾರ ಆಮ್ಲ ಏರುತ್ತದೆ.

ಪ್ರಶ್ನೆ: ರಜೆಗೆ ಬಂದ ಅಕ್ಕನ ಮಕ್ಕಳು ನೀಲಿ ನೀರಿನ ಕ್ವಾರಿ ನೋಡಲೇಬೇಕು ಎಂದು ಹಟ ಹಿಡಿದಿದ್ದಾರೆ. ಕರೆದುಕೊಂಡು ಹೋಗುವುದಾದರೆ ಏನೇನು ನೋಡಿಕೊಳ್ಳಬೇಕು?
— ಗೃಹಿಣಿ, ದಾವಣಗೆರೆ

ಉತ್ತರ: ನೋಡುವುದಕ್ಕೆ ಹೋಗಿ, ಇಳಿಯುವುದಕ್ಕೆ ಬೇಡ. ಇದನ್ನು ಮಕ್ಕಳಿಗೆ ಮನೆಯಲ್ಲೇ ಹೇಳಿ ಒಪ್ಪಿಸಿ, ಅಲ್ಲಿ ಹೋದ ಮೇಲೆ ಹೇಳಿದರೆ ನಡೆಯದು.

ಮೊದಲು ಆ ಊರಿನ ಪಂಚಾಯ್ತಿಯಲ್ಲಿ ಕೇಳಿ: ಜಾಗ ಯಾರದು, ಗುತ್ತಿಗೆ ಇನ್ನೂ ನಡೆಯುತ್ತಿದೆಯೇ, ಅಕ್ಕಪಕ್ಕದಲ್ಲಿ ಬಂಡೆ ಸಿಡಿಸುತ್ತಾರೆಯೇ. ಕೆಂಪು ಬಾವುಟ ಕಂಡರೆ, ಸೈರನ್ ಕೇಳಿದರೆ 500 ಮೀಟರಿಗಿಂತ ಹತ್ತಿರ ಹೋಗಬಾರದು. ಕಲ್ಲಿನ ಚೂರು ಎಷ್ಟು ದೂರ ಹಾರುತ್ತದೆ ಎಂಬ ಅಂದಾಜು ಹೊರಗಿನವರಿಗೆ ಸಿಗುವುದಿಲ್ಲ.

ಹೊಂಡಕ್ಕೆ ಲಾರಿ ಇಳಿಯುತ್ತಿದ್ದ ದಾರಿಯ ಕಡೆಯಿಂದ ಬನ್ನಿ. ಆ ಬದಿ ಸಾಮಾನ್ಯವಾಗಿ ಇಳಿಜಾರು, ಎದುರು ಬದಿ ನೆಟ್ಟಗಿನ ಗೋಡೆ. ಆದರೆ ಲಾರಿ ದಾರಿ ನೀರಿಗೆ ಸೇರುವಲ್ಲಿ ಒದ್ದೆ ಭಾಗಕ್ಕೆ ಕಾಲಿಡಬೇಡಿ. ನುಣುಪು ಹೂಳು ಕೂತಿರುತ್ತದೆ. ಜಾರಿದರೆ ದಾರಿಯುದ್ದಕ್ಕೂ ಆಳಕ್ಕೇ ಹೋಗುತ್ತೀರಿ. ಅಂಚಿನಿಂದ ಗಟ್ಟಿ ಬಂಡೆಯ ಮೇಲೆ ಕನಿಷ್ಠ 3 ಮೀಟರ್ ಹಿಂದೆ ನಿಲ್ಲಿ. ಅಂಚಿನ ಮೇಲ್ಭಾಗ ಮಣ್ಣು, ಗರಸು ಆಗಿದ್ದರೆ ಇನ್ನೂ ಹಿಂದಕ್ಕೆ: ಮಣ್ಣಿನ ಪದರ ಎಷ್ಟು ದಪ್ಪವೋ ಅಷ್ಟನ್ನು 3 ಮೀಟರಿಗೆ ಸೇರಿಸಿಕೊಳ್ಳಿ. ಮಳೆ ನೀರು ಮಣ್ಣಿನ ಅಡಿಯನ್ನು ಕೊರೆದಿರುತ್ತದೆ, ಮೇಲಿನಿಂದ ನೋಡಿದರೆ ಗಟ್ಟಿಯಾಗೇ ಕಾಣುತ್ತದೆ. ಅಂಚಿಗೆ ಸಮಾನಾಂತರವಾಗಿ ನೆಲ ಬಿರುಕು ಬಿಟ್ಟಿದ್ದರೆ ಆ ಬದಿಯನ್ನೇ ಬಿಟ್ಟುಬಿಡಿ.

ಬಂಡೆ ಗೋಡೆಯನ್ನು ಒಮ್ಮೆ ಕಣ್ಣಾಡಿಸಿ ನೋಡಿ, ಹೆಜ್ಜೇನು ಕಟ್ಟಿರುತ್ತದೆ. ಕಲ್ಲೆಸೆಯುವುದು, ಹೊಗೆ, ಸೆಂಟು, ಜೋರು ಹಾಡಿನ ಸದ್ದು ಎಲ್ಲ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ಹೊಂಡದಿಂದ ದೂರಕ್ಕೆ, ಗಾಡಿಯ ಕಡೆ ಓಡಿ. ತಪ್ಪಿಸಿಕೊಳ್ಳಲು ನೀರಿಗೆ ಹಾರುವುದು ಮಾತ್ರ ಬೇಡ. ಚಿತ್ರದುರ್ಗದ ಕಲ್ಲುಗುಡ್ಡಗಳ ಕಡೆ ಕರಡಿ, ಚಿರತೆ ಇರುವುದರಿಂದ ಸಂಜೆ 4ಕ್ಕೆ ಹೊರಟುಬಿಡಿ.

ಜೊತೆಗೆ ಒಬ್ಬೊಬ್ಬರಿಗೆ 2 ಲೀಟರ್ ಕುಡಿಯುವ ನೀರು, ಕಣ್ಣಿಗೆ ಹೊಂಡದ ನೀರು ಸಿಡಿದರೆ ತೊಳೆಯಲು ಬೇರೆ 5 ಲೀಟರ್ (15 ನಿಮಿಷ ಬಿಡದೆ ತೊಳೆಯಬೇಕು), ಹಿಡಿತ ಇರುವ ಶೂ, 8–10 ಮಿಮೀ ದಪ್ಪದ 25 ಮೀಟರ್ ಹಗ್ಗ, ಬಿಗಿ ಮುಚ್ಚಳದ ಖಾಲಿ 5 ಲೀಟರ್ ಕ್ಯಾನು. ಇಬ್ಬರು ಮಕ್ಕಳಿಗೆ ಒಬ್ಬ ದೊಡ್ಡವರು. ಮಕ್ಕಳು ಹತ್ತು ವರ್ಷದ ಒಳಗಿನವರಾದರೆ ಕ್ವಾರಿ ಬಿಟ್ಟು ದುರ್ಗದ ಕೋಟೆಗೆ ಕರೆದೊಯ್ಯಿ ಎನ್ನುವುದೇ ನಮ್ಮ ಸಲಹೆ. ಗೋಪಾಲಸ್ವಾಮಿ ಹೊಂಡ, ಅಕ್ಕ ತಂಗಿ ಹೊಂಡ ನೋಡಿದರೆ ಬಂಡೆಯ ನಡುವೆ ಮಳೆ ನೀರು ಹಿಡಿದಿಟ್ಟ ಜಾಣ್ಮೆಯೂ ಕಾಣುತ್ತದೆ. ಸಮಯ ಇದ್ದರೆ ಮರಡಿಹಳ್ಳಿಗೂ ಹೋಗಿ. ಸಮುದ್ರದಡಿ ಉಕ್ಕಿದ ಲಾವಾ ತಲೆದಿಂಬಿನ ಆಕಾರದಲ್ಲಿ ಗಟ್ಟಿಯಾದ ಬಂಡೆ ಅಲ್ಲಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ.

ಪ್ರಶ್ನೆ: ಹರಿಹರದ ಹೊಳೆಯಲ್ಲಿ ಚಿಕ್ಕಂದಿನಿಂದ ಈಜಿದವನು ನಾನು. ನಿಂತ ನೀರಿನ ಕ್ವಾರಿಗೆ ಇಷ್ಟೊಂದು ಹೆದರಬೇಕೆ?
— ಐಟಿಐ ವಿದ್ಯಾರ್ಥಿ, ಹರಿಹರ

ಉತ್ತರ: ಹೆದರಬೇಕು. ಹೊಳೆಗೆ ದಡ ಇದೆ, ಮರಳಿನ ಇಳಿಜಾರು ಇದೆ, ಸುಸ್ತಾದರೆ ಕಾಲೂರುವ ಜಾಗ ಸಿಗುತ್ತದೆ. ಕ್ವಾರಿಗೆ ದಡವೇ ಇಲ್ಲ.

ಕಲ್ಲು ತೆಗೆಯುವುದು ದೊಡ್ಡ ಮೆಟ್ಟಿಲುಗಳ ಹಾಗೆ. ಒಂದೊಂದು ಮೆಟ್ಟಿಲು 6 ಮೀಟರ್ ಆಸುಪಾಸು ಎತ್ತರ, ಕಾನೂನು ಬಿಟ್ಟು ಅಗೆದ ಕಡೆ ಇನ್ನೂ ಹೆಚ್ಚು. ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದೀರಿ ಎಂದುಕೊಳ್ಳಿ, ಮುಂದಿನ ಹೆಜ್ಜೆಗೆ ಎರಡಂತಸ್ತಿನ ಮನೆ ಮುಳುಗುವ ಆಳ. ಅದರ ಮೇಲೆ ತಿಳಿನೀರು ಕಣ್ಣಿಗೆ ಮೋಸ ಮಾಡುತ್ತದೆ. ನೇರ ಮೇಲಿನಿಂದ ನೋಡಿದರೂ ಆಳ ಮುಕ್ಕಾಲು ಭಾಗದಷ್ಟೇ ಕಾಣುತ್ತದೆ, 6 ಮೀಟರ್ ಇದ್ದದ್ದು ನಾಲ್ಕೂವರೆ ಎನ್ನಿಸುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ.

ಹತ್ತುವುದು ಎಲ್ಲಿಂದ? ಡ್ರಿಲ್ ಹಾಕಿ ಸೀಳಿದ ಗೋಡೆ ನುಣುಪು, ನೀರಿನ ಅಂಚಿಗೆ ಪಾಚಿಯ ಲೋಳೆ. ಬೇಸಿಗೆಯಲ್ಲಿ ನೀರು ಎರಡು ಮೂರು ಮೀಟರ್ ಇಳಿದಿದ್ದರೆ ಇಳಿದ ಜಾಗದಿಂದಲೇ ವಾಪಸು ಹತ್ತಲಾಗುವುದಿಲ್ಲ. ಚೆನ್ನಾಗಿ ಈಜುವವರೂ ಗೋಡೆಗೆ ಉಗುರು ಊರುತ್ತಾ ಸುತ್ತಿ ಸುತ್ತಿ ಸೋಲುವುದು ಹೀಗೆ. ಈಜು ಬಾರದಿರುವುದು ಮಾತ್ರ ಜೀವ ತೆಗೆಯುತ್ತದೆ ಎಂದುಕೊಳ್ಳಬೇಡಿ.

ಗೋಡೆಗಳ ನಡುವೆ ಗಾಳಿ ಆಡದ್ದರಿಂದ ಬಿಸಿಲಿಗೆ ಕಾದ ನೀರು ಮೇಲಿನ ಒಂದೆರಡು ಮೀಟರಿನಲ್ಲೇ ಉಳಿಯುತ್ತದೆ, ಅದರ ಕೆಳಗೆ ತಣ್ಣಗಿನ ಪದರ. ಮೇಲಿನಿಂದ ಹಾರಿದವರು ಒಮ್ಮೆಗೇ ಅಲ್ಲಿಗೆ ತಲುಪಿದಾಗ ತಡೆಯಲಾಗದೆ ಉಸಿರು ಎಳೆದುಕೊಳ್ಳುತ್ತಾರೆ, ಉಸಿರಿನ ಜೊತೆ ನೀರೂ ಹೋಗುತ್ತದೆ. 5 ಮೀಟರಿನಿಂದ ಹಾರಿದರೆ ನೀರಿಗೆ ಬಡಿಯುವ ವೇಗ ಗಂಟೆಗೆ 36 ಕಿಮೀ, 10 ಮೀಟರಿನಿಂದಾದರೆ 50. ನೀರಿನಡಿ ಏನಿದೆ ಎಂಬುದು ಕಾಣುವುದಿಲ್ಲ. ನಮ್ಮ ಕಡೆ ಕ್ವಾರಿ ನಿಂತ ನಾಲ್ಕೈದು ವರ್ಷದಲ್ಲಿ ತಳದಲ್ಲಿ ಬಳ್ಳಾರಿ ಜಾಲಿ ಬೆಳೆದುಬಿಡುತ್ತದೆ. ಆಮೇಲೆ ಒಂದು ದೊಡ್ಡ ಮಳೆಗೆ ಹೊಂಡ ತುಂಬಿದಾಗ ಮುಳ್ಳಿನ ಮರಗಳು ಹಾಗೇ ಮುಳುಗುತ್ತವೆ. ಜೊತೆಗೆ ಬಿಟ್ಟುಹೋದ ಉಕ್ಕಿನ ಹಗ್ಗ, ಡ್ರಿಲ್ ರಾಡು, ಚೂಪು ಬಂಡೆ.

ಬಂಡೆಯ ತೂತಿನಿಂದ ಬಣ್ಣದ ವೈರು ನೇತಾಡುತ್ತಿದ್ದರೆ, ಬೆರಳುದ್ದದ ಹೊಳೆಯುವ ಲೋಹದ ಕೊಳವೆ ಬಿದ್ದಿದ್ದರೆ ಮುಟ್ಟಬೇಡಿ, ಎಳೆಯಬೇಡಿ. ಅದು ಸಿಡಿಯದೆ ಉಳಿದ ಕೇಪು (ಡಿಟೊನೇಟರ್) ಆಗಿರಬಹುದು. ದೂರ ಬಂದು 112ಕ್ಕೆ ತಿಳಿಸಿ.

ಈಜುವ ಆಸೆ ಒಳ್ಳೆಯದೇ. ಅದಕ್ಕೆ ಜೀವರಕ್ಷಕರು ಇರುವ ಈಜುಕೊಳವಿದೆ.

ಪ್ರಶ್ನೆ: ನೀರಿನಲ್ಲಿ ಮುಳುಗಿ ಸತ್ತವರನ್ನು ಉಪ್ಪಿನಲ್ಲಿ ಮುಚ್ಚಿಟ್ಟರೆ ಕೆಲವು ಗಂಟೆಗಳಲ್ಲಿ ಎದ್ದು ಕೂರುತ್ತಾರೆ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ನಿಜವೇ?
— ಆಟೋ ಚಾಲಕರು, ಹೊನ್ನಾಳಿ

ಉತ್ತರ: ಸುಳ್ಳು. ಈ ಸಂದೇಶ ನಂಬಿ ಮಕ್ಕಳ ದೇಹವನ್ನು ಉಪ್ಪಿನ ರಾಶಿಯಲ್ಲಿಟ್ಟು ಕಾದ ತಂದೆತಾಯಿಗಳು ನಮ್ಮ ಸುತ್ತಲಿನ ಜಿಲ್ಲೆಗಳಲ್ಲೇ ಇದ್ದಾರೆ. ಅವರ ಸಂಕಟ ನೆನೆದು ಹೇಳುತ್ತೇವೆ: ಆ ಸಂದೇಶ ನಿಮ್ಮ ಹತ್ತಿರ ಬಂದರೆ ಮುಂದಕ್ಕೆ ಕಳಿಸಬೇಡಿ. ಉಸಿರು ನಿಂತ ನಾಲ್ಕರಿಂದ ಆರು ನಿಮಿಷದಲ್ಲಿ ಮೆದುಳಿಗೆ ಪೆಟ್ಟು ಶುರುವಾಗುತ್ತದೆ. ಉಪ್ಪು ತರಲು ಓಡಿದ ಹೊತ್ತಿನಲ್ಲಿ ಜೀವ ಉಳಿಸುವ ಅವಕಾಶ ಹೋಗುತ್ತದೆ.

ಮುಳುಗುತ್ತಿರುವವರ ಹಿಂದೆ ಹಾರಬೇಡಿ, ಒಬ್ಬರ ಹಿಂದೆ ಒಬ್ಬರು ಹೋಗಿ ಮೂವರು ಸಾಯುವುದು ಹೀಗೇ. ಮೊದಲು ಕೋಲು, ಸೀರೆ, ಪಂಚೆ ಚಾಚಿ. ಎಟಕದಿದ್ದರೆ ಹಗ್ಗಕ್ಕೆ ಕಟ್ಟಿದ ಖಾಲಿ ಕ್ಯಾನು ಎಸೆಯಿರಿ. ಮುಳುಗುತ್ತಿರುವವರ ತಲೆ ನೀರಿನಿಂದ ಮೇಲೆ ಉಳಿಯಲು 5 ಲೀಟರಿನ ಕ್ಯಾನು ಸಾಕು. ಎಸೆಯುವ ಮುಂಚೆ ಅದರಲ್ಲಿ ಒಂದು ಲೋಟ ನೀರು ಬಿಡಿ, ಇಲ್ಲದಿದ್ದರೆ ಹಗುರಾಗಿ ಗಾಳಿಗೆ ಬೇರೆಡೆ ಹೋಗುತ್ತದೆ. ಹಗ್ಗ ಎಳೆಯುವವರು ಅಂಚಿನಿಂದ ಹಿಂದೆ ಕೂತು, ಕಾಲನ್ನು ಬಂಡೆಗೆ ಒತ್ತಿಕೊಂಡು ಎಳೆಯಲಿ.

ಮೇಲೆ ತಂದ ಮೇಲೆ ಹೊಟ್ಟೆ ಅದುಮುವುದು, ಕಾಲು ಹಿಡಿದು ತಿರುಗಿಸುವುದು ಬೇಡ. ಹೊಟ್ಟೆಯ ನೀರು, ಅನ್ನ ಶ್ವಾಸಕೋಶಕ್ಕೆ ಹೋಗುತ್ತದೆ. ಉಸಿರಿಲ್ಲದಿದ್ದರೆ ಅಂಗಾತ ಮಲಗಿಸಿ, ಗಲ್ಲ ಎತ್ತಿ, ಮೂಗು ಮುಚ್ಚಿ ಬಾಯಿಂದ ಬಾಯಿಗೆ ಎರಡು ಸಲ ಉಸಿರು ಕೊಡಿ. ನಂತರ ಎದೆಯ ನಡುವೆ ಅಂಗೈ ಇಟ್ಟು 30 ಸಲ ಒತ್ತಿ, ದೊಡ್ಡವರಿಗೆ 5 ಸೆಂಮೀ ಆಳ, ನಿಮಿಷಕ್ಕೆ 100ರಿಂದ 120ರ ವೇಗ. ಮತ್ತೆ ಎರಡು ಉಸಿರು, ಮತ್ತೆ 30. ಇನ್ನೊಬ್ಬರು 108ಕ್ಕೆ ಫೋನು ಮಾಡಲಿ. ಆಂಬುಲೆನ್ಸ್ ಬರುವ ತನಕ ಬಿಡಬೇಡಿ. ಎಚ್ಚರಾಗಿ ಚೆನ್ನಾಗಿ ಮಾತಾಡಿದರೂ ಆಸ್ಪತ್ರೆಗೆ ಒಯ್ಯಲೇಬೇಕು, ಕೆಲವು ಗಂಟೆಗಳ ನಂತರವೂ ಉಸಿರಾಟ ಕೆಡಬಹುದು.

ಪ್ರಶ್ನೆ: ಹೊಲದ ಪಕ್ಕದ ಕ್ವಾರಿಯಲ್ಲಿ ಬೇಸಿಗೆಗೂ ನೀರಿರುತ್ತದೆ. ಮೆಕ್ಕೆಜೋಳಕ್ಕೆ ಹಾಯಿಸಬಹುದೆ? ಮೀನು ಬಿಡಬಹುದೆ?
— ರೈತರು, ಜಗಳೂರು

ಉತ್ತರ: ಪರೀಕ್ಷೆ ಮಾಡಿಸದೆ ಎರಡೂ ಬೇಡ. 1 ಲೀಟರ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆದು, ಮೇಲಿನ ಕೆನೆ ಸೇರದಂತೆ ಒಂದಡಿ ಕೆಳಗಿನ ನೀರು ಹಿಡಿದು, ಗಾಳಿ ಉಳಿಯದಂತೆ ಪೂರ್ತಿ ತುಂಬಿ ಮುಚ್ಚಿ. ಮರುದಿನದೊಳಗೆ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲೋ ಹಿರಿಯೂರಿನ ಬಬ್ಬೂರು ಫಾರಂನಲ್ಲೋ ವಿಚಾರಿಸಿ. ಪಿಎಚ್ 6.5ರಿಂದ 8.4ರ ನಡುವೆ, ಇಸಿ (ನೀರಿನಲ್ಲಿ ಕರಗಿದ ಉಪ್ಪಿನ ಅಳತೆ, ಡಿಎಸ್/ಮೀ ಲೆಕ್ಕದಲ್ಲಿ) 0.7ಕ್ಕಿಂತ ಕಡಿಮೆ ಇದ್ದರೆ ನಿಶ್ಚಿಂತೆ. ಇಸಿ 3 ದಾಟಿದರೆ ಆ ನೀರು ಹೊಲಕ್ಕೆ ಬೇಡ. ಬೇಸಿಗೆಯಲ್ಲಿ ನೀರು ಆವಿಯಾಗಿ ಉಪ್ಪು ಗಟ್ಟಿಯಾಗುವುದರಿಂದ ಏಪ್ರಿಲ್‌ನ ನೀರನ್ನೇ ಪರೀಕ್ಷೆಗೆ ಕೊಡಿ, ನವೆಂಬರಿನದನ್ನಲ್ಲ.

ಪಂಪಿನಲ್ಲಿ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಮೋಟಾರನ್ನು ಮೇಲಿನ ಅಂಚಿನಲ್ಲಿಟ್ಟು ಎಳೆಸಿದರೆ ನೀರು 6–7 ಮೀಟರಿಗಿಂತ ಕೆಳಗಿಳಿದಾಗ ಬರುವುದೇ ಇಲ್ಲ. ಮೋಟಾರಿನ ದೋಷ ಅಲ್ಲ ಅದು, ಗಾಳಿಯ ಒತ್ತಡ ಅಷ್ಟೇ ಎತ್ತಬಲ್ಲದು. ತೆಪ್ಪದಿಂದ ತೂಗುಬಿಟ್ಟ ಸಬ್‌ಮರ್ಸಿಬಲ್ ಬೇಕು. ಸರ್ಕಾರಿ ಜಾಗವಾದರೆ ಅನುಮತಿಯೂ ಬೇಕು.

ಮೀನಿಗೆ ಆಳದ ಕ್ವಾರಿ ಒಳ್ಳೆಯ ಜಾಗವಲ್ಲ. ಕೆಳಗಿನ ಪದರದಲ್ಲಿ ಆಮ್ಲಜನಕ ಇರುವುದಿಲ್ಲ. ಡಿಸೆಂಬರ್ ಚಳಿಗೋ ಜೋರು ಮಳೆಗೋ ಮೇಲಿನ ನೀರು ತಣಿದು ಕೆಳಗಿನದರ ಜೊತೆ ಬೆರೆತಾಗ ಕೊಳೆತ ಮೊಟ್ಟೆ ವಾಸನೆ ಬಂದು ಒಂದೇ ರಾತ್ರಿಯಲ್ಲಿ ಮೀನೆಲ್ಲ ಮೇಲೆ ತೇಲುತ್ತವೆ. ಉಳಿದರೂ ಹಿಡಿಯುವುದು ಕಷ್ಟ, ಬಲೆ ಬಂಡೆಗೆ ಸಿಕ್ಕಿ ಹರಿಯುತ್ತದೆ.

ಪ್ರಶ್ನೆ: ಕಣ್ಣಿಗೆ ಕಂಡ ಬಣ್ಣ ಮೊಬೈಲ್ ಫೋಟೊದಲ್ಲಿ ಬರುವುದಿಲ್ಲ, ಬೂದಿಯಾಗಿರುತ್ತದೆ. ಡ್ರೋನ್ ಹಾರಿಸಬಹುದೆ?
— ಛಾಯಾಗ್ರಾಹಕರು, ಚಿತ್ರದುರ್ಗ

ಉತ್ತರ: ಬೂದಿ ಬಣ್ಣ ನೀರಿನದಲ್ಲ, ಅದರ ಮೇಲೆ ಬಿದ್ದ ಆಕಾಶದ ಪ್ರತಿಬಿಂಬ. ಮೋಡವಿಲ್ಲದ ದಿನ 10ರಿಂದ 2ರ ನಡುವೆ, ಸೂರ್ಯನನ್ನು ಬೆನ್ನಿಗೆ ಅಥವಾ ಪಕ್ಕಕ್ಕೆ ಇಟ್ಟುಕೊಂಡು ತೆಗೆಯಿರಿ. ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಇದ್ದರೆ ನೋಟ ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿಯಲ್ಲಿ ಇರುವ ಜಾಗಕ್ಕೆ ಫ್ರೇಮ್ ಮಾಡಿ, ಅಲ್ಲಿ ಪ್ರತಿಫಲನ ಅತಿ ಹೆಚ್ಚು ಕಡಿತವಾಗುತ್ತದೆ. ಕಣ್ಣು ನೀರಿಗಿಂತ 10 ಮೀಟರ್ ಮೇಲಿದ್ದರೆ ಅದು ಸುಮಾರು 13 ಮೀಟರ್ ಮುಂದಿನ ನೀರು. ಮೊಬೈಲಿನವರು ಪೋಲರೈಸ್ಡ್ ಕೂಲಿಂಗ್ ಗ್ಲಾಸನ್ನು ಲೆನ್ಸಿನ ಮುಂದೆ ಹಿಡಿದು ನಿಧಾನ ತಿರುಗಿಸಿದರೂ ಆಗುತ್ತದೆ. ವೈಟ್ ಬ್ಯಾಲೆನ್ಸನ್ನು (ಬಣ್ಣ ಸರಿಹೊಂದಿಸುವ ಆಯ್ಕೆ) 'ಬಿಸಿಲು' ಗುರುತಿಗೆ ಇಡಿ, ಬಿಳಿ ಕಲ್ಲಿನಿಂದ ಬೆಳಕಿನ ಅಳತೆ ತಪ್ಪದಂತೆ ಪರದೆಯಲ್ಲಿ ನೀರು ಕಾಣುವ ಕಡೆ ಬೆರಳೊತ್ತಿ ಫೋಕಸ್ ಮಾಡಿ. ಸೆಲ್ಫಿಗಾಗಿ ಹಿಂದಕ್ಕೆ ಹೆಜ್ಜೆ ಇಡಬೇಡಿ.

ಡ್ರೋನ್‌ಗೆ 2021ರ ನಿಯಮಗಳಿವೆ, ಹಾರಿಸುವ ಮುಂಚೆ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಆ ಜಾಗದ ವಲಯ ನೋಡಲೇಬೇಕು. ಚಳ್ಳಕೆರೆ ಕಡೆ ಡಿಆರ್‌ಡಿಒ ವಿಮಾನ ಪರೀಕ್ಷಾ ಕೇಂದ್ರ ಇರುವುದರಿಂದ ಅಲ್ಲಿ ಸುಮ್ಮನೆ ಎತ್ತಿಬಿಡುವ ಯೋಚನೆ ಬೇಡ.

ಪ್ರಶ್ನೆ: ಪೋಲೆಂಡಿನಲ್ಲಿ ಓದುತ್ತಿರುವ ಮಗಳು ನೇರಳೆ, ನೀಲಿ, ಹಸಿರು ಕೆರೆಗಳ ಫೋಟೊ ಕಳಿಸಿದ್ದಾಳೆ. ಹಳೇ ಗಣಿಯಂತೆ. ನಾವು ಅಲ್ಲಿಗೆ ಹೋದಾಗ ನೋಡಬಹುದೆ?
— ನಿವೃತ್ತ ನೌಕರರು, ದಾವಣಗೆರೆ

ಉತ್ತರ: ಖಂಡಿತ ನೋಡಿ. ಅದು ಲೋವರ್ ಸೈಲೇಷಿಯಾದ ರುದಾವಿ ಯಾನೊವಿಟ್ಸ್ಕಿಯೆ ಬೆಟ್ಟಗಳಲ್ಲಿದೆ. 1785ರಿಂದ ಒಂದರ ಹಿಂದೆ ಒಂದು ಮೂರು ಪೈರೈಟ್ ಗಣಿ ತೆರೆದರು, ಗಂಧಕಾಮ್ಲ ತಯಾರಿಸುವುದಕ್ಕೆ. 1925ರ ಹೊತ್ತಿಗೆ ಕೆಲಸ ನಿಂತಿತು. ಹೊಸದುರ್ಗದ ಶಿಕ್ಷಕರಿಗೆ ಮೇಲೆ ವಿವರಿಸಿದ ರಸಾಯನವೇ ಅಲ್ಲಿ ನೇರಳೆಗೆಂಪು ಕೊಟ್ಟಿದೆ. ನೀಲಿಗೆ ತಾಮ್ರದ ಸಂಯುಕ್ತಗಳು ಕಾರಣ ಎಂದು ಹೇಳುತ್ತಾರೆ. ನೇರಳೆ ಕೆರೆ ಎಲ್ಲಕ್ಕಿಂತ ಕೆಳಗೆ, ನೀಲಿ ಅದರ ಮೇಲೆ, ಹಸಿರು ಇನ್ನೂ ಮೇಲೆ. ಕಾಡಿನ ಏರುದಾರಿ. ಮಂಡಿ ನೋವಿದ್ದರೆ ನೇರಳೆ, ನೀಲಿ ನೋಡಿ ಇಳಿಯಿರಿ. ಮೇಲಿನ ಹಸಿರು ಹೊಂಡ ಕೆಲವು ಕಾಲದಲ್ಲಿ ಬತ್ತಿಯೇ ಹೋಗಿರುತ್ತದೆ, ಅದಕ್ಕಾಗಿ ದಮ್ಮು ಕಟ್ಟಿ ಹತ್ತಿ ಬೇಸರಪಡುವುದು ಬೇಡ. ನೀರು ಮುಟ್ಟುವುದು ಅಲ್ಲೂ ಬೇಡ.

ಪ್ರಶ್ನೆ: ಲೋಣಾರ್ ಸರೋವರ ಗುಲಾಬಿಯಾದ ಹಾಗೆ ನಮ್ಮ ಕ್ವಾರಿಯೂ ಆಗಬಹುದೆ?
— ಓದುಗರು, ಚಳ್ಳಕೆರೆ

ಉತ್ತರ: ಆಗುವ ಸಾಧ್ಯತೆ ತೀರಾ ಕಡಿಮೆ. 2020ರ ಜೂನ್‌ನಲ್ಲಿ ಮಹಾರಾಷ್ಟ್ರದ ಲೋಣಾರ್ ಗುಲಾಬಿಯಾದದ್ದು ಉಪ್ಪನ್ನು ಇಷ್ಟಪಡುವ ಸೂಕ್ಷ್ಮಜೀವಿಗಳಿಂದ. ಮಳೆ ನೀರಿನ ಕ್ವಾರಿಯಲ್ಲಿ ಅಷ್ಟು ಉಪ್ಪಿರುವುದಿಲ್ಲ.

ಪ್ರಶ್ನೆ: ನಮ್ಮ ಪಂಚಾಯ್ತಿ ವ್ಯಾಪ್ತಿಯಲ್ಲಿ ಶಾಲೆಗೆ ಹತ್ತಿರವೇ ಒಂದು ತುಂಬಿದ ಕ್ವಾರಿ ಇದೆ. ಮುಳ್ಳುತಂತಿ ಹಾಕಿದರೆ ತಿಂಗಳಲ್ಲಿ ಮಾಯ. ಕಡಿಮೆ ಖರ್ಚಿನಲ್ಲಿ ಏನು ಮಾಡಬಹುದು?
— ಗ್ರಾಮ ಪಂಚಾಯ್ತಿ ಸದಸ್ಯರು, ಹೊಳಲ್ಕೆರೆ ತಾಲೂಕು

ಉತ್ತರ: ಮೊದಲು ಪಹಣಿ ತೆಗೆಸಿ ಸರ್ವೆ ನಂಬರ್, ಮಾಲೀಕತ್ವ ಖಚಿತ ಮಾಡಿಕೊಳ್ಳಿ. ಕೈಬಿಟ್ಟ ಹೊಂಡಕ್ಕೆ ಬೇಲಿ ಹಾಕುವ ಹೊಣೆ ಗುತ್ತಿಗೆ ಪಡೆದವರದ್ದು. ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಿಲ್ಲಾ ಕಚೇರಿಗೆ, ತಹಶೀಲ್ದಾರರಿಗೆ ಅರ್ಜಿ ಕೊಡಿ. ಅದರಲ್ಲಿ ಶಾಲೆಯಿಂದ ಎಷ್ಟು ಮೀಟರ್, ಯಾವ ಬದಿಯಲ್ಲಿ ಕಾಲುದಾರಿ ಇದೆ, ಯಾವ ಬದಿ ನೆಟ್ಟಗಿದೆ ಎಂದು ಫೋಟೊ ಸಮೇತ ಬರೆಯಿರಿ. "ಅಪಾಯವಿದೆ, ಕ್ರಮ ಕೈಗೊಳ್ಳಿ" ಎಂಬ ಒಂದು ಸಾಲಿನ ಅರ್ಜಿ ಫೈಲಿನಲ್ಲೇ ಉಳಿಯುತ್ತದೆ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲು ಮರೆಯಬೇಡಿ.

ಕಾಯುತ್ತಾ ಕೂರದೆ ನೀವೇ ಮಾಡಬಹುದಾದದ್ದು ಮಣ್ಣಿನ ಬದು. ಅಂಚಿನಿಂದ ಕನಿಷ್ಠ 5 ಮೀಟರ್ ಹಿಂದೆ, ಹೊರಗಿನಿಂದ ತಂದ ಮಣ್ಣಿನಲ್ಲಿ ಒಂದೂವರೆ ಮೀಟರ್ ಎತ್ತರಕ್ಕೆ ಹಾಕಿಸಿ. ಅಲ್ಲೇ ಕಂದಕ ತೋಡಿ ಅದೇ ಮಣ್ಣು ಎತ್ತಿ ಹಾಕಿಸಬೇಡಿ. ಕಂದಕದಲ್ಲಿ ನಿಂತ ಮಳೆ ನೀರು ಬಂಡೆಯ ಬಿರುಕಿಗೆ ಇಳಿದು ಅಂಚನ್ನೇ ಕುಸಿಯುವಂತೆ ಮಾಡುತ್ತದೆ. ಬದುವಿನ ಮೇಲೆ ಮುಂಗಾರಿನ ಶುರುವಿನಲ್ಲಿ ಕತ್ತಾಳೆಯನ್ನು ಎರಡು ಸಾಲು, ಗಿಡದಿಂದ ಗಿಡಕ್ಕೆ ಎರಡಡಿ, ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಗಿಡ ಬರುವ ಹಾಗೆ ನೆಡಿ. ದನ ತಿನ್ನುವುದಿಲ್ಲ, ಯಾರೂ ಕದಿಯುವುದಿಲ್ಲ, ನಮ್ಮ ಮಳೆಗೆ ಸಾಕು. ಮೂರು ವರ್ಷಕ್ಕೆ ಮಕ್ಕಳು ದಾಟಲಾಗದ ಬೇಲಿಯಾಗುತ್ತದೆ. ಲಾರಿ ದಾರಿಯ ಬಾಯಿಗೆ ಅಡ್ಡಲಾಗಿ ದೊಡ್ಡ ಬಂಡೆಗಳನ್ನು ಜೆಸಿಬಿಯಲ್ಲಿ ಸರಿಸಿ, ಬೈಕು ನುಸುಳದಂತೆ.

ಬೋರ್ಡಿನಲ್ಲಿ ಬರೀ "ಎಚ್ಚರಿಕೆ" ಬೇಡ. ಅಗ್ನಿಶಾಮಕ ದಳದವರ ದೋಣಿ ಬಂದಾಗ ಆಳ ಅಳೆಸಿಕೊಂಡು "ಇಲ್ಲಿ ಆಳ ಇಷ್ಟು ಅಡಿ, ಮೇಲೆ ಹತ್ತಲು ದಾರಿ ಇಲ್ಲ" ಎಂದು ಬರೆಸಿ. ಹುಡುಗರು ಅಂಕಿ ನೋಡಿ ನಿಲ್ಲುತ್ತಾರೆ. ನೆಟ್ಟಗಿನ ಗೋಡೆಗಳ ಎರಡು ಕಡೆ ಕಬ್ಬಿಣದ ಸರಪಳಿಯನ್ನು ಬೇಸಿಗೆಯ ನೀರಿನ ಮಟ್ಟಕ್ಕಿಂತ ಒಂದು ಮೀಟರ್ ಕೆಳಗಿಳಿಯುವಷ್ಟು ಉದ್ದ ಬಿಟ್ಟು ಬಂಡೆಗೆ ಬೋಲ್ಟ್ ಹಾಕಿಸಿ, ಬಿದ್ದವರು ಹಿಡಿದು ನಿಲ್ಲಲಿ. ಬದುವಿನ ಪಕ್ಕ ಒಂದು ಕಂಬಕ್ಕೆ ಎರಡು ಕ್ಯಾನು, 25 ಮೀಟರ್ ಹಗ್ಗ ತೂಗುಹಾಕಿ. ಬಿಸಿಲಿಗೆ ಪ್ಲಾಸ್ಟಿಕ್ ಹಗ್ಗದ ಎಳೆ ಪುಡಿಯಾಗುತ್ತದೆ. ತಿಂಗಳಿಗೊಮ್ಮೆ ಇಬ್ಬರು ಜಗ್ಗಿ ನೋಡಿ, ವರ್ಷಕ್ಕೊಮ್ಮೆ ಹೊಸದು ಹಾಕಿ.